ಐದು ಮಂಗಳವಾರ

ಮೊನ್ನೆ ಸೊಸೆ ತಿಕೋಟಾದ ದ್ರಾಕ್ಷಿ ತಂದಿದ್ದಳು. ಈಗ ಔಷಧ ಹೊಡೆಯದೆ ಯಾವ ಹಣ್ಣೂ ಬೆಳೆಯುವುದಿಲ್ಲವಲ್ಲ, ಅದಕ್ಕೆ ಬೋಗುಣಿಯಲ್ಲಿ ನೀರು ತುಂಬಿ, ಚಿಟಿಕೆ ನೇರಳೆ ಹರಳು ಉದುರಿಸಿ, ಗೊಂಚಲುಗಳನ್ನು ಮುಳುಗಿಸಿಟ್ಟಳು. ನೀರು ಮೊದಲು ಗುಲಾಬಿಯಾಗಿ, ನೋಡುನೋಡುತ್ತ ಬದನೆಕಾಯಿ ಬಣ್ಣಕ್ಕೆ ತಿರುಗಿತು. ತುಕ್ಕು ಹಿಡಿದ ಕಬ್ಬಿಣದಂಥ ಸಣ್ಣ ವಾಸನೆ ಮೂಗಿಗೆ ಬಂತು. ನಾನು ಎದ್ದು ಕಟ್ಟೆಗೆ ಹೋಗಿ ಕೂತೆ. 'ಯಾಕ್ರಿ ಅತ್ತಿ, ತಿನ್ನಂಗಿಲ್ಲೇನು?' ಎಂದು ಕೇಳಿದಳು. ಹಲ್ಲು ಜುಮ್ಮೆನ್ನುತ್ತವೆ ಎಂದು ಸುಳ್ಳು ಹೇಳಿದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ. ಅದು ಯಾವ ಊರಲ್ಲಿ, ಯಾರ ಎದುರು ರೂಢಿಯಾಯಿತು ಎಂಬುದನ್ನು ಬರೆದುಬಿಡೋಣ ಎಂದು ಈಗ ಕೂತಿದ್ದೇನೆ.

ಆ ಊರಿನ ಹೆಸರು ಹೇಳುವುದಿಲ್ಲ. ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವೆ, ಡೋಣಿ ಹೊಳೆಯ ದಂಡೆಗೆ ಅಂಥವು ಹತ್ತಾರು ಇವೆ, ಅವುಗಳಲ್ಲಿ ಒಂದು ಎಂದುಕೊಂಡರೆ ಸಾಕು. ಲಡಾಯಿಯ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ಅಂಥ ಒಂದು ಬಸ್ಸಿನಲ್ಲಿ ವಿಜಾಪುರದಿಂದ ಬಬಲೇಶ್ವರಕ್ಕೆ, ಅಲ್ಲಿಂದ ಚಕ್ಕಡಿಯಲ್ಲಿ ಆ ಊರಿಗೆ ಹೋಗಿ ಇಳಿದಾಗ ನನಗೆ ಹತ್ತೊಂಬತ್ತು ವರ್ಷ. ಅಪ್ಪ ತೀರಿಕೊಂಡಿದ್ದ. ಅವ್ವ ಮತ್ತು ತಮ್ಮ ವಿಜಾಪುರದಲ್ಲಿ ನನ್ನ ಪಗಾರದ ದಾರಿ ಕಾಯುತ್ತಿದ್ದರು. ಶಿಕ್ಷಕಿಯ ಟ್ರೇನಿಂಗ್ ಮುಗಿಸಿದ ಹೆಣ್ಣುಮಕ್ಕಳೇ ಅಪರೂಪ, ಹೀಗಾಗಿ ನನ್ನ ಬಗ್ಗೆ ನನಗೆ ಭಾರಿ ಅಭಿಮಾನವಿತ್ತು. ಉಳಿದವರು ಕುರಿ, ನಾನು ಮಾತ್ರ ಯೋಚನೆ ಮಾಡುವವಳು ಎಂದು ತಿಳಿದಿದ್ದೆ.

ಇರಲು ಶಿವನಗೌಡರ ವಾಡೆಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ಊರಿನ ಹಿರಿಯರು ಅವರೇ. ಅರವತ್ತು ದಾಟಿದ, ಮೆತ್ತನೆ ಮಾತಿನ ಮನುಷ್ಯ. 'ಅಕ್ಕೋರು ನಮ್ಮ ಮನಿ ಮಗಳಿದ್ದಂಗ' ಎನ್ನುತ್ತ ದಿನಾ ಸಂಜೆ ಒಂದು ಬಟ್ಟಲು ಹಾಲು ಕಳಿಸುತ್ತಿದ್ದರು. ಅವರನ್ನು ಕೆಟ್ಟವರೆಂದು ಬರೆದರೆ ನನಗೆ ಈ ಬರಹ ಸುಲಭವಾಗುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ.

ಶಾಲೆ ಹಣಮಪ್ಪನ ಗುಡಿಯ ಪೌಳಿಯಲ್ಲಿ. ನಲವತ್ತು ಮಕ್ಕಳು, ನಾಲ್ಕು ತರಗತಿ, ನಾನೊಬ್ಬಳು. ಬೇಸಿಗೆಗೆ ಮೊದಲು ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ ನನ್ನ ಮಾನ ಹೋಗುತ್ತಿತ್ತು. ಅದಕ್ಕೆ ಎಲ್ಲ ಮಕ್ಕಳೂ ಒಂದೇ ದನಿಯಲ್ಲಿ ಉತ್ತರ ಹೇಳುವುದನ್ನು ಒಂದು ತಿಂಗಳು ರೂಢಿ ಮಾಡಿಸಿದೆ. ಸಾಹೇಬರು ಬಂದರು, ಕೇಳಿದರು, ಪೌಳಿ ಗುಡುಗಿತು. ಅವರು ತಲೆದೂಗಿ ಪುಸ್ತಕದಲ್ಲಿ 'ಶಿಸ್ತು ಉತ್ತಮ' ಎಂದು ಬರೆದು ಹೋದರು.

ಅವತ್ತು ಗುಡಿಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡಿದವಳು ನೀಲವ್ವ. ಮಕ್ಕಳು ಹೋದ ಮೇಲೆ ಹತ್ತಿರ ಬಂದು, 'ಅಕ್ಕೋರ, ಎಲ್ಲಾರೂ ಕೂಡೇ ಒದರಿದ್ರ ಯಾರಿಗೆ ಬರತೈತಿ, ಯಾರಿಗೆ ಬರಂಗಿಲ್ಲ, ಹೆಂಗ ಗೊತ್ತಾಗತೈತ್ರಿ?' ಎಂದಳು.

'ಗೊತ್ತಾಗಬಾರದಂತನ ಮಾಡೀನಿ' ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ನೀಲವ್ವನಿಗೆ ಇಪ್ಪತ್ತೈದು ಇರಬಹುದು. ಗಂಡ ಮಿಲಿಟರಿಗೆ ಸೇರಿ ಎಲ್ಲೋ ಸಮುದ್ರದಾಚೆ ಇದ್ದ. ಮನೆಯಲ್ಲಿ ಅತ್ತೆ, ನಾಲ್ಕು ವರ್ಷದ ಮಗಳು ಚೆನ್ನಿ, ಹೊಳೆಯ ಕಡೆ ಒಂದಿಷ್ಟು ಎರೆಹೊಲ. ಗಂಡನ ಪತ್ರ ಬಂದರೆ ಚಾವಡಿಯಲ್ಲಿ ಓದಿಸಬೇಕಿತ್ತು. 'ಅವರು ಮೊದಲ ತಮ್ಮಷ್ಟಕ್ಕ ತಾವು ಓದಿ ನಗತಾರ್ರಿ, ಆಮ್ಯಾಲ ನನಗ ಓದಿ ಹೇಳತಾರ. ನಾನ ಓದಬೇಕು' ಎಂದು ಬಂದು ಕೂತವಳು ಮೂರೇ ತಿಂಗಳಲ್ಲಿ ಓದಲು ಕಲಿತಳು. ಅಕ್ಷರ ತಿದ್ದಲು ನನ್ನದೊಂದು ಪಾಟಿ ಅವಳ ಮನೆಯಲ್ಲೇ ಇರುತ್ತಿತ್ತು. ಅ ಯಾಕೆ ಹೀಗೆ, ಆ ಯಾಕೆ ಹಾಗೆ ಎಂದು ಪ್ರಾಣ ತಿನ್ನುತ್ತಿದ್ದಳು. ಊರಲ್ಲಿ ನನಗೆ ನಿಜವಾಗಿ ಹಿಡಿಸಿದವಳು ಅವಳೊಬ್ಬಳೇ.

ಮಳೆಗಾಲ ಸುರುವಾದ ಹೊಸತರಲ್ಲಿ ಬೇನೆ ಬಂತು. ವಾಂತಿ, ಭೇದಿ, ಬೆಳಿಗ್ಗೆ ಹಾಸಿಗೆ ಹಿಡಿದವರು ಸಂಜೆಗೆ ಇಲ್ಲ. ಮೊದಲ ವಾರದಲ್ಲಿ ಐದು ಜನ ಹೋದರು. ಅವರಲ್ಲಿ ನೀಲವ್ವನ ಅತ್ತೆಯೂ ಒಬ್ಬಳು. ಜನ ಬೇನೆಯ ಹೆಸರು ಹೇಳುತ್ತಿರಲಿಲ್ಲ, 'ಅದು' ಎನ್ನುತ್ತಿದ್ದರು. ಓಣಿಯಲ್ಲಿ ಮಾತು ಕಡಿಮೆಯಾಯಿತು. ಮೋಡ ಕವಿದು ಕವಿದು ಮಳೆ ಸುರಿಯದೆ ಹೋಗುತ್ತಿತ್ತು, ನೊಣ ಮಾತ್ರ ಮಿತಿ ಇಲ್ಲದೆ ಹೆಚ್ಚಿದ್ದವು.

ಎಂಟನೆಯ ದಿನ ಸೈಕಲ್ ಮೇಲೆ ಒಬ್ಬ ಸರ್ಕಾರಿ ಮನುಷ್ಯ ಬಂದು ಊರ ಬಾವಿಗೆ ನೇರಳೆ ಔಷಧ ಹಾಕಿದ. ಬಾವಿಯ ನೀರು ಗುಲಾಬಿಯಾಯಿತು. ಹೆಂಗಸರು ಕೊಡ ಹಿಡಿದು ದೂರ ನಿಂತರು. ಅವನು ಬಾವಿಕಟ್ಟೆಯ ಹತ್ತಿರ ನನ್ನನ್ನು ಕರೆದು, 'ನೀವು ಓದಿದವರು, ತಿಳಿಸಿ ಹೇಳ್ರಿ. ನೀರು ಕುದಿಸದ ಯಾರೂ ಕುಡೀಬಾರದು. ಅಷ್ಟ ಮಾಡಿದ್ರ ಸಾಕು. ನನಗ ಇನ್ನೂ ಇಪ್ಪತ್ತು ಊರು ಅದಾವು' ಎಂದು ಹೇಳಿ ಹೊರಟುಹೋದ. ನಾನು ಮನೆಮನೆಗೆ ಹೋಗಿ ಹೇಳಿದೆ. ಎಲ್ಲರೂ 'ಹೂನ್ರಿ ಅಕ್ಕೋರ' ಎಂದರು. ಕುದಿಸಿದವಳು ನೀಲವ್ವ ಒಬ್ಬಳೇ. ಅವಳು ಮೊದಲು ಯಾಕೆ ಎಂದು ಕೇಳಿದಳು, ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ, ಕಣ್ಣಿಗೆ ಕಾಣದ ಹುಳಗಳು ಎಂದೆ. 'ಕಾಣದ್ದನ್ನ ನೀವು ನಂಬತೀರಿ, ನಾ ನಿಮ್ಮನ್ನ ನಂಬತೀನಿ' ಎಂದಳು. ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅದೇ ಹೊತ್ತಿಗೆ ಹಿರಿಯರು ಕೂಡಿ ವಾರ ಹಿಡಿಯುವುದೆಂದು ಗೊತ್ತು ಮಾಡಿದರು. ನಮ್ಮ ಕಡೆ ಊರಿಗೆ ಬೇನೆ ಬಂದರೆ ಊರದೇವತೆ ದ್ಯಾಮವ್ವನ ಹೆಸರಿನಲ್ಲಿ ಐದು ಮಂಗಳವಾರ ನಡೆದುಕೊಳ್ಳುವ ಪದ್ಧತಿ ಹಳೆಯದು. ಅವತ್ತು ನೊಗ ಹೂಡಬಾರದು, ಬೀಸಬಾರದು, ಕುಟ್ಟಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಒಲೆ ಹಚ್ಚಬಾರದು. ಹಿಂದಿನ ದಿನದ ರೊಟ್ಟಿ, ಕೊಡಗಳಲ್ಲಿದ್ದ ನೀರನ್ನೆಲ್ಲ ಚೆಲ್ಲಿ ಅವತ್ತೇ ಸೇದಿದ ಬಾವಿಯ ತಣ್ಣೀರು. ಊರಿನ ಒಲೆಗಳೆಲ್ಲ ಆರಿ, ಬುಧವಾರ ಬೆಳಿಗ್ಗೆ ಗುಡಿಯ ಮುಂದೆ ಹೊಸ ಬೆಂಕಿ ಹೊತ್ತಿಸಿ, ಪ್ರತಿ ಮನೆಯವರೂ ಸಗಣಿ ಕುಳ್ಳಿನ ತುಂಡಿನ ಮೇಲೆ ಕೆಂಡ ಒಯ್ಯಬೇಕು. ಡಂಗುರ ಸಾರಿದರು. ನಾನು ಕೋಣೆಯಲ್ಲಿ ಕೂತು ಕೇಳಿದೆ. ನೀರು ಕುದಿಸಲೇಬೇಕಾದ ದಿನಗಳಲ್ಲಿ ಒಲೆ ಬಂದ್ ಮಾಡುತ್ತಿದ್ದಾರಲ್ಲ ಎನಿಸಿತು. ಗೌಡರ ಹತ್ತಿರ ಹೋಗಿ ಹೇಳಬೇಕೆಂದು ಬಾಗಿಲವರೆಗೆ ಹೋದೆ. ಅವರು ಜಪಕ್ಕೆ ಕೂತಿದ್ದರು. ಮುಗಿಯಲಿ ಎಂದು ತಿರುಗಿ ಬಂದೆ. ಆಮೇಲೆ ಹೋಗಲಿಲ್ಲ.

ಸೋಮವಾರ ನೀಲವ್ವ ಬಂದಳು. 'ನಾಳೆ ವಾರ. ಕೂಸಿನ ನೀರಿಂದು ಹೆಂಗ್ರಿ?'

'ಕಾಸು' ಎಂದೆ. 'ಯಾರಿಗೂ ತಿಳೀಬಾರದು. ನಾನೂ ಕಾಸಾಂವಿದ್ದೀನಿ' ಎಂದು ಹೇಳಿ, ಗಂಡಸರ ಹಾಗೆ ಮಾತಾಡಿದ್ದಕ್ಕೆ ಇಬ್ಬರೂ ನಕ್ಕೆವು. ಬಹುಶಃ ಆ ಮಳೆಗಾಲದಲ್ಲಿ ನಾನು ನಕ್ಕದ್ದು ಅದೇ ಕೊನೆ.

ನನ್ನ ಹತ್ತಿರ ವಿಜಾಪುರದಿಂದ ತಂದ ಶೇಗಡಿ ಎಂಬ ಸಣ್ಣ ಇದ್ದಿಲ ಒಲೆ ಇತ್ತು, ಒಂದು ಚೀಲ ಇದ್ದಿಲು ಇತ್ತು, ಅರ್ಧ ಕಡ್ಡಿಪೆಟ್ಟಿಗೆ ಇತ್ತು. ಆಗ ಕಡ್ಡಿಪೆಟ್ಟಿಗೆ ಬಬಲೇಶ್ವರದ ಸಂತೆಯಲ್ಲೂ ಸಿಗುತ್ತಿರಲಿಲ್ಲ, ಹೀಗಾಗಿ ಅದು ನನ್ನ ಟ್ರಂಕಿನ ಅಡಿಯಲ್ಲಿ ಇರುತ್ತಿತ್ತು. ಪ್ರತಿ ಮಂಗಳವಾರವೂ ಬಾಗಿಲು ಹಾಕಿ ಶೇಗಡಿ ಹೊತ್ತಿಸಿ ನೀರು ಕುದಿಸಿಕೊಂಡೆ. ಇದ್ದಿಲಿಗೆ ಹೊಗೆ ಇರುವುದಿಲ್ಲ. ನೀಲವ್ವನಿಗೆ ಇದ್ದದ್ದು ಕುಳ್ಳು ಮತ್ತು ಹತ್ತಿಕಟಿಗೆ. ಅವಳು ಬೂದಿಯಲ್ಲಿ ಕೆಂಡ ಮುಚ್ಚಿಟ್ಟುಕೊಂಡು, ಒಳಗಿನ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಕಾಯಿಸುತ್ತಿದ್ದಳು.

ಮೊದಲ ಮಂಗಳವಾರ ದಾಟಿತು, ಎರಡನೆಯದೂ ದಾಟಿತು. ಬಾವಿಯ ಔಷಧ ಕೆಲಸ ಮಾಡಿತ್ತೋ ಏನೋ, ಹೊಸಬರು ಯಾರೂ ಮಲಗಲಿಲ್ಲ. ಊರು ಇದು ವಾರ ಹಿಡಿದದ್ದರಿಂದ ಆಯಿತು ಎಂದಿತು. 'ನೋಡಿದ್ರೇನ್ರಿ ಅಕ್ಕೋರ?' ಎಂದು ಗೌಡರು ಕೇಳಿದಾಗ ನಾನು 'ಹೌದ್ರಿ' ಎಂದೆ. ಬಾವಿಯ ಗುಲಾಬಿ ಬಣ್ಣ ಅಷ್ಟರಲ್ಲಿ ಹೋಗಿತ್ತು. ಸೈಕಲ್ಲಿನವನು ಮತ್ತೆ ಬಂದಿರಲಿಲ್ಲ.

ಮೂರನೆಯ ಮಂಗಳವಾರ ಮಧ್ಯಾಹ್ನ ಗಾಳಿ ಪೂರಾ ನಿಂತಿತ್ತು. ನೀಲವ್ವನ ಮಾಳಿಗೆಯ ಬೆಳಕಿಂಡಿಯಿಂದ ಎದ್ದ ಹೊಗೆ ಚದುರದೆ ನೆಟ್ಟಗೆ ನಿಂತುಬಿಟ್ಟಿತು. ಯಾರೋ ನೋಡಿದರು, ಯಾರೂ ಏನೂ ಅನ್ನಲಿಲ್ಲ. ಗುರುವಾರ ಇಬ್ಬರಿಗೆ ವಾಂತಿ ಸುರುವಾಯಿತು, ಶುಕ್ರವಾರ ಒಬ್ಬ ಸತ್ತ. ಆಗ ಎಲ್ಲರಿಗೂ ಆ ಹೊಗೆ ನೆನಪಾಯಿತು.

ಶುಕ್ರವಾರ ಸಂಜೆಯೇ ಗುಡಿಯ ಮುಂದೆ ಊರು ಕೂಡಿತು. ಗಂಡಸರು ಕಟ್ಟೆಯ ಸುತ್ತ, ಹೆಂಗಸರು ಪೌಳಿಯ ಗೋಡೆಗೆ, ನನ್ನ ಮಕ್ಕಳು ಮುಂದೆ. ನನಗೊಂದು ಮಣೆ ಹಾಕಿದ್ದರು. ನೀಲವ್ವ ಚೆನ್ನಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಡುವೆ ನಿಂತಿದ್ದಳು.

'ಒಲಿ ಹಚ್ಚಿದ್ಯೇನವಾ?' ಗೌಡರು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

'ಹಚ್ಚಿದ್ನಿರಿ. ಕೂಸಿಗೆ ನೀರು ಕಾಸಾಕ.'

'ವಾರ ಅನ್ನೂದು ಗೊತ್ತಿತ್ತಿಲ್ಲೋ?'

'ಗೊತ್ತಿತ್ರಿ. ನೀರು ಕಾಸಿ ಕುಡೀರಿ ಅಂತ ಅಕ್ಕೋರು ಹೇಳ್ಯಾರ. ನಮ್ಮನ್ಯಾಗ ಅತ್ತಿ ಹೋದ ಮ್ಯಾಲ ಯಾರಿಗೂ ಏನೂ ಆಗಿಲ್ಲ. ಕಾಸದ ಮನ್ಯಾಗ ಆಗೇತಿ. ಅದನ್ನ ಒಂದೀಟು ವಿಚಾರ ಮಾಡ್ರಿ.'

ಅಷ್ಟು ಸರಳವಾಗಿ, ಅಷ್ಟು ಸರಿಯಾಗಿ ನಾನು ಎಂದೂ ಹೇಳಿರಲಿಲ್ಲ. ಕೆಲವರು ವಿಚಾರಕ್ಕೆ ಬಿದ್ದದ್ದು ನನಗೆ ಕಂಡಿತು. ಆಗ ನಾನು ಎದ್ದು ಹೌದು, ನಾನೇ ಹೇಳಿದ್ದು, ನಾನೂ ಒಲೆ ಹಚ್ಚಿದ್ದೇನೆ ಎಂದಿದ್ದರೆ ಊರಿನ ನಿರ್ಧಾರ ಬೇರೆ ಆಗುತ್ತಿತ್ತು. ಸರ್ಕಾರಿ ಶಾಲೆಯ ಅಕ್ಕೋರನ್ನು ಹೊರಗೆ ಹಾಕುವಷ್ಟು ಧೈರ್ಯ ಅವರಿಗೆ ಇರಲಿಲ್ಲ. ಇದು ಈಗ ಹೊಳೆದದ್ದಲ್ಲ, ಆಗಲೇ ಗೊತ್ತಿತ್ತು.

ಗೌಡರು ನನ್ನ ಕಡೆ ತಿರುಗಿದರು. 'ಅಕ್ಕೋರ, ನೀವು ಹೇಳಿದ್ದು ಖರೇನ್ರಿ?'

ಎಲ್ಲ ಮುಖಗಳೂ ನನ್ನ ಕಡೆ ಹೊರಳಿದವು. ಅಷ್ಟು ಮುಖಗಳು ಒಟ್ಟಿಗೆ ತಿರುಗಿದರೆ ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. 'ನೀರು ಕಾಸಿ ಕುಡೀರಿ ಅಂತ ಹೇಳಿದ್ದು ಖರೆ' ಎಂದೆ. 'ವಾರದ ದಿನ ಕಾಸು ಅಂತ ನಾ ಹೇಳಿಲ್ಲ.'

ನೀಲವ್ವ ನನ್ನನ್ನು ನೋಡಿದಳು. ಶೇಗಡಿಯ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾದು ಕೂತೆ. ಅವಳು ಹೇಳಲಿಲ್ಲ. ಮಗಳ ಕೂದಲು ಸರಿ ಮಾಡುತ್ತ ನಿಂತಳು.

ತೀರ್ಮಾನ ಇಷ್ಟು: ಐದು ವಾರ ಮುಗಿಯುವವರೆಗೆ ಆ ಮನೆಗೆ ಊರ ಬಾವಿ ಇಲ್ಲ, ಬೆಂಕಿ ಇಲ್ಲ, ಮಾತಿಲ್ಲ. ಗೌಡರು 'ಎಲ್ಲಾರಿಗೂ ಒಪ್ಪಿಗಿ ಐತೇನ್ರೆಪಾ?' ಎಂದು ಕೇಳಿದರು. 'ಹೌದ್ರೀ' ಎಂದು ಊರಿಗೆ ಊರೇ ಒಂದೇ ದನಿಯಲ್ಲಿ ಹೇಳಿತು. ಮುಂದೆ ಕೂತ ನನ್ನ ಮಕ್ಕಳ ದನಿ ಎಲ್ಲರಿಗಿಂತ ಜೋರಾಗಿತ್ತು. ನಾನೂ ಹೇಳಿದೆ. ಅಷ್ಟು ದನಿಗಳ ನಡುವೆ ನನ್ನದು ನನಗೇ ಕೇಳಿಸಲಿಲ್ಲ. ಹೇಳಿದ್ದು ಮಾತ್ರ ನಿಜ.

ನಾಲ್ಕು ಜನ ಹೋಗಿ ಅವಳ ಒಲೆಗೆ ನೀರು ಸುರಿದು ಬಂದರು. ಅವಳಿಗೆ ಉಳಿದದ್ದು ಡೋಣಿಯ ನೀರು. ಅದು ಉಪ್ಪು, ದನ ಸಹ ಬಾಯಿ ಹಾಕಿ ತಲೆ ಕೊಡವುತ್ತವೆ. ಹೊಲದ ಅಂಚಿನ ಹೊಂಡದಲ್ಲಿ ಮಳೆನೀರು ನಿಂತಿತ್ತು, ಅದನ್ನೇ ಸೋಸಿ ತರುತ್ತಿದ್ದಳು. ಕಾಯಿಸಲು ಬೆಂಕಿ ಇಲ್ಲ. ಊರ ಹೊರಗಿನ ಕೇರಿಯ ಜನರಿಗೆ ಊರ ಬಾವಿ ಯಾವತ್ತೂ ಇರಲಿಲ್ಲ, ಅವರೂ ಹೊಂಡದ ನೀರನ್ನೇ ಕುಡಿಯುವವರು. ಅದರ ಬಗ್ಗೆ ನಾನು ಅಲ್ಲಿಯವರೆಗೆ ಒಂದು ದಿನವೂ ಯೋಚಿಸಿರಲಿಲ್ಲ. ಅವಳಿಗೆ ಕೆಂಡ ಕೊಟ್ಟರೆ ಗೌಡರ ಹೊಲದಲ್ಲಿ ಕೂಲಿ ಹೋಗುತ್ತದೆ ಎಂದು ಅವರಿಗೂ ತಾಕೀತಾಗಿತ್ತು.

ನನ್ನ ಟ್ರಂಕಿನ ಅಡಿಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಶನಿವಾರ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಅವಳ ಓಣಿಯ ತಿರುವಿನವರೆಗೆ ಹೋದೆ. ಒಬ್ಬ ಮುದುಕಿ ಕಟ್ಟೆಯ ಮೇಲೆ ಕೂತು ಬೇಳೆ ಹಸನು ಮಾಡುತ್ತಿದ್ದಳು. 'ಎಲ್ಲಿಗ್ರಿ ಅಕ್ಕೋರ?' ಎಂದಳು, ಸುಮ್ಮನೆ, ಎಲ್ಲರೂ ಕೇಳುವ ಹಾಗೆ. 'ಇಲ್ಲೇ, ಗಾಳಿಗೆ' ಎಂದು ತಿರುಗಿದೆ. ರವಿವಾರವೂ ಹೋದೆ. ಮುದುಕಿ ಇರಲಿಲ್ಲ, ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಆದರೂ ಹಿಂತಿರುಗಿದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಯಾರೂ ನೋಡುತ್ತಿಲ್ಲದಾಗಲೂ ನನ್ನ ಕಾಲುಗಳು ಊರು ಹೇಳಿದ ಹಾಗೆಯೇ ನಡೆದವು.

ನಾಲ್ಕನೆಯ ಮಂಗಳವಾರ ಚೆನ್ನಿ ಹಾಸಿಗೆ ಹಿಡಿಯಿತು. ಬುಧವಾರ ಬೆಳಿಗ್ಗೆ ಗುಡಿಯ ಮುಂದೆ ಹೊಸ ಬೆಂಕಿ ಹಂಚುತ್ತಿದ್ದಾಗ ನೀಲವ್ವ ದೂರದಲ್ಲಿ ಕುಳ್ಳಿನ ತುಂಡು ಹಿಡಿದು ನಿಂತಿದ್ದಳು. ಏನೂ ಕೇಳಲಿಲ್ಲ, ನಿಂತಿದ್ದಳು ಅಷ್ಟೆ. ಕೆಂಡ ಹಂಚಿ ಮುಗಿಯಿತು, ಜನ ಅವಳನ್ನು ಸುತ್ತಿಕೊಂಡು ಹೋದರು. ಮಧ್ಯಾಹ್ನ ಕೂಸು ಹೋಯಿತು. ಕೇರಿಯ ಇಬ್ಬರು ಗಂಡಸರು ಯಾರೂ ಕರೆಯದೆ ಸಲಿಕೆ ಹಿಡಿದು ಬಂದು ಹೊಲದಲ್ಲಿ ಕುಣಿ ತೋಡಿದರು. ಅವರಿಗೆ ಮುಂದೆ ಏನಾಯಿತೋ ನನಗೆ ತಿಳಿಯದು. ಪೌಳಿಯಲ್ಲಿ ನಾನು ಮಗ್ಗಿ ಹೇಳಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ನೀಲವ್ವ ಒಂದು ಗಂಟು ಹಿಡಿದು ನನ್ನ ಬಾಗಿಲಿಗೆ ಬಂದಳು. 'ನಿಮ್ಮ ಪಾಟಿ' ಎಂದು ಹೊಸ್ತಿಲ ಮೇಲಿಟ್ಟಳು.

ನಾನು ಅಳುತ್ತ, 'ಶೇಗಡಿ ವಿಷಯ ಯಾಕ ಹೇಳಲಿಲ್ಲ? ನೀ ಹೇಳಬೇಕಾಗಿತ್ತು' ಎಂದೆ.

'ನಾ ಹೇಳಿದ್ರ ಅದು ಚಾಡಿ ಆಗತಿತ್ತು' ಎಂದಳು. 'ನೀವ ಹೇಳಬೇಕಾಗಿತ್ರಿ.' ಅವಳ ಕಣ್ಣಲ್ಲಿ ನೀರಿರಲಿಲ್ಲ. ಬಬಲೇಶ್ವರದ ದಾರಿ ಹಿಡಿದು ಹೋದಳು. ವಿಜಾಪುರದಲ್ಲಿ ಹತ್ತಿ ಆರಿಸುವ ಕೆಲಸಕ್ಕೆ ಸೇರಿದಳೆಂದು ಯಾರೋ ಅಂದರು. ಆಮೇಲೆ ನಾನು ವಿಜಾಪುರಕ್ಕೆ ಹೋದಾಗಲೆಲ್ಲ ಜಿನ್ನಿಂಗ್ ಕಾರ್ಖಾನೆಯ ರಸ್ತೆ ತಪ್ಪಿಸಿ ಸುತ್ತುಹಾಕಿ ಮನೆಗೆ ಹೋಗುತ್ತಿದ್ದೆ.

ಐದನೆಯ ಮಂಗಳವಾರದ ಹೊತ್ತಿಗೆ ಜೋರು ಮಳೆ ಹಿಡಿದು ಬೇನೆ ನಿಂತಿತು. ದ್ಯಾಮವ್ವನಿಗೆ ಹೋಳಿಗೆಯ ಎಡೆಯಾಯಿತು. ಪಂಕ್ತಿಯಲ್ಲಿ ಕೂತು ನಾನೂ ಉಂಡೆ. ಊಟವಾದ ಮೇಲೆ ಗೌಡರು ಒಂದು ಕಾಗದ ತಂದು, 'ನಮ್ಮ ಮಕ್ಕಳು ಮೊಮ್ಮಕ್ಕಳಿಗೆ ತಿಳೀಬೇಕು. ನಿಮ್ಮ ಅಕ್ಷರ ಚಂದ ಅದಾವು, ಬರದ ಇಡ್ರಿ' ಎಂದರು. ಅವರು ಹೇಳಿದರು, ನಾನು ಬರೆದೆ. ಊರಿಗೆ ಬೇನೆ ಬಂದಾಗ ಎಲ್ಲರೂ ಒಂದೇ ಮನಸ್ಸಿನಿಂದ ಐದು ವಾರ ಹಿಡಿದರು, ವಾರ ಮುರಿದ ಒಂದು ಮನೆಯನ್ನು ಹೊರಗೆ ಹಾಕಿದ ಮೇಲೆ ಬೇನೆ ನಿಂತಿತು. ಕಾಗುಣಿತ ಒಂದೂ ತಪ್ಪಿರಲಿಲ್ಲ. ಕೆಳಗೆ ಸಹಿ ಮಾಡಿ, 'ಶಿಕ್ಷಕಿ' ಎಂದು ಹಾಕಿದೆ.

ಮರುವರ್ಷ ನನಗೆ ತಿಕೋಟಾಕ್ಕೆ ಬದಲಿಯಾಯಿತು. ಲಡಾಯಿ ಮುಗಿಯಿತು, ಸ್ವಾತಂತ್ರ್ಯ ಬಂತು, ನಾವೂ ಶಾಲೆಯಲ್ಲಿ ಬಾವುಟ ಹಾರಿಸಿ ಸಕ್ಕರೆ ಹಂಚಿದೆವು. ಅದಾಗಿ ಒಂದೆರಡು ಮಳೆಗಾಲದ ಮೇಲೆ, ಒಂದು ಸೋಮವಾರ, ಶಾಲೆ ಬಿಡುವ ಹೊತ್ತಿಗೆ ಒಬ್ಬ ಎಳೆಯ ಮಾಸ್ತರ ಕೆಸರು ಕಾಲಿನಲ್ಲಿ ಬಂದು ನಿಂತ. ಆ ಊರಿನ ಈಗಿನ ಮಾಸ್ತರ ಅವನೇ. ಊರಲ್ಲಿ ಮತ್ತೆ ವಾಂತಿಭೇದಿ ಸುರುವಾಗಿತ್ತು. ಔಷಧ ಕೇಳಲು ತಿಕೋಟಾಕ್ಕೆ ಬಂದವನು, ತನಗಿಂತ ಹಿರಿಯ ಶಿಕ್ಷಕಿಯೊಬ್ಬರು ಇದ್ದಾರೆಂದು ಕೇಳಿ ನನ್ನ ಹತ್ತಿರ ಬಂದಿದ್ದ.

'ನೀರು ಕುದಿಸಿ ಕುಡೀರಿ ಅಂತ ಊರ ಕೂಡಿದಾಗ ಎದ್ದು ನಿಂತು ಹೇಳಿದ್ನಿರಿ, ಬಾಯಾರ' ಎಂದ. 'ನನ್ನ ಕೈಯಾಗ ಒಂದು ಕಾಗದ ಕೊಟ್ರು. ಸಾಲಿ ಕಲಿಸಾವ್ರ ಬರದಾರ, ನೀ ಏನ ಹೊಸದು ಹೇಳತಿ ಅಂದ್ರು. ಓದಿದ್ನಿ. ಅದರಾಗ ಒಂದು ಮನಿ ಹೊರಗ ಹಾಕಿದ ಮ್ಯಾಲ ಬ್ಯಾನಿ ನಿಂತು ಅಂತ ಐತಿ. ಎರಡು ವಾರ ಆದೂ, ಎಲ್ಲಾರೂ ಸರಿಯಾಗೇ ನಡಕೊಂಡಾರ, ಆದ್ರೂ ಬ್ಯಾನಿ ನಿಂತಿಲ್ಲ. ಹಿಂಗಾಗಿ ಈಗ ಹೊರಗ ಹಾಕಾಕ ಒಂದು ಮನಿ ಹುಡುಕಾಕತ್ತಾರ.'

'ಯಾರ ಮನಿ?' ಎಂದೆ.

'ಇನ್ನೂ ಗೊತ್ತಾಗಿಲ್ರಿ. ನಾಳೆ ಮೂರನೇ ವಾರ. ನಾಳೆ ಸಂಜೀಕ ಊರ ಕೂಡತೈತಿ. ಒಬ್ಬರ ಮುಖ ಒಬ್ಬರು ನೋಡಾಕತ್ತಾರ.' ಆಮೇಲೆ, 'ಕೆಳಗ ಒಬ್ಬ ಬಾಯಾರ ಸಹಿ ಐತಿ. ಅವರು ಈಗ ಎಲ್ಲಿ ಅದಾರ, ನಿಮಗೇನರ ಗೊತ್ತೇನ್ರಿ?' ಎಂದ.

ನಾನು ಅವನಿಗೆ ಸುಳ್ಳು ಹೇಳಲಿಲ್ಲ. ಅದು ನನ್ನ ಸಹಿ, ಅದರಲ್ಲಿ ಬರೆದದ್ದು ಖರೆಯಲ್ಲ, ನಾನೂ ಐದು ಮಂಗಳವಾರ ಒಲೆ ಹಚ್ಚಿದ್ದೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವನ ಮುಖ ಅರಳಿತು. ಆ ಮುಖದ ಮೇಲಿನ ಭರವಸೆ ನನಗೆ ಈಗಲೂ ಕಾಣುತ್ತದೆ.

'ಹಂಗಾದ್ರ ನಾಳೆ ನೀವು ಬಂದು ಇದನ್ನ ಊರ ಮುಂದ ಹೇಳ್ರಿ. ನಿಮ್ಮ ಮಾತು ಕೇಳತಾರ. ನಾ ಹಳ್ಳದ ದಾರ್ಯಾಗ ಚಕ್ಕಡಿ ತಗೊಂಡು ನಿಂತಿರತೀನಿ.'

'ಬರತೀನಿ' ಎಂದೆ.

ಮರುದಿನ ನಾನು ಹೋಗಲಿಲ್ಲ. ಮಳೆ ಇತ್ತು, ಶಾಲೆ ಇತ್ತು, ಆ ವರ್ಷವೇ ಮದುವೆಯ ಮಾತು ನಡೆದಿತ್ತು. ಆ ಮಾಸ್ತರ ಚಕ್ಕಡಿ ಹಿಡಿದು ಎಷ್ಟು ಹೊತ್ತು ಕಾದನೋ ಗೊತ್ತಿಲ್ಲ. ಕೊನೆಗೆ ಯಾರ ಮನೆ ಸಿಕ್ಕಿತೆಂದು ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.